ತಾಯಿಮರದ ಫೋಟೊ ಅಳಿಸಿದವರು ಯಾರು?

ಬೀಜದ ಕಾಯಿ ಕೊಡುವ ನಲವತ್ತು ತೆಂಗಿನ ತಾಯಿಮರಗಳು. ಒಂದೊಂದಕ್ಕೂ ಆರು ವರ್ಷದ ಫೋಟೊ. ಶುಕ್ರವಾರ ಬೆಳಗ್ಗೆ ನೊಣವಿನಕೆರೆಯ ಹುಚ್ಚಣ್ಣ ಮನೆಯ ಹಳೇ ಕಂಪ್ಯೂಟರ್ ತೆರೆದು ನೋಡಿದರೆ — ಒಂದೂ ಇಲ್ಲ.

ಆ ಫೋಟೊ ನೋಡಿ ಬೀಜದ ಕಾಯಿಗೆ ಮರ ಆರಿಸಲು ತೋಟಗಾರಿಕೆ ಇಲಾಖೆಯವರು ಬರುವುದು ಮರುದಿನವೇ. ಹುಚ್ಚಣ್ಣ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ನಿಂತು, ಇದ್ದವರೆಲ್ಲ ಕೇಳುವಂತೆ, ತಿಪಟೂರಿನ ನಿಖತ್‌ಗೆ ಫೋನ್ ಮಾಡಿದರು.

"ಸೋಮವಾರ ಬಂದು ಕಂಪ್ಯೂಟರಿನ ಕಸ ತೆಗೀತೀನಿ ಅಂತ ನಮ್ಮ ಮರನೆಲ್ಲ ತೆಗೆದುಬುಟ್ಯಲ್ಲಮ್ಮ."

ತಿಪಟೂರಿನಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ನಿಖತ್‌ಳ ತಾಯಿ ಮೆಹಬೂಬ್ ಬೀಗೂ ಫೋನಿನಿಂದ ಅದು ಕೇಳಿಸಿತು. ತುಳಿಯುತ್ತಿದ್ದ ಕಾಲು ನಿಂತಿತು. ಮಗಳು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಮೂರೇ ತಿಂಗಳು. ಆ ಟೀ ಅಂಗಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಬಸ್ಸು ಹೋಗುವ ಊರಿಗೆಲ್ಲ ಮುಟ್ಟುತ್ತದೆ. ಆಮೇಲೆ ಯಾರು ಕರೆಯುತ್ತಾರೆ?

"ನೀನು ಅಳಿಸಿದ್ಯಾ?"

"ಇಲ್ಲ ಅಮ್ಮಿ."

"ಹಂಗಾದ್ರೆ ನಡಿ. ನಾನೂ ಬತ್ತೀನಿ."

ಹುಚ್ಚಣ್ಣನ ಮನೆಗೆ ಕಾಲಿಟ್ಟ ನಿಖತ್ ಮೊದಲು ಹೇಳಿದ್ದು ಒಂದೇ ಮಾತು. "ಯಾರೂ ಏನೂ ಮುಟ್ಟಬೇಡಿ. ಫೋಟೊ ಕೊನೇ ಸಲ ನೋಡಿದ್ದು ಯಾವತ್ತು?"

"ಮಂಗಳವಾರ," ಅಂದರು ಹುಚ್ಚಣ್ಣ.

"ನಾನು ಬಂದಿದ್ದು ಸೋಮವಾರ. ಹಂಗಾದ್ರೆ ನಾನೆಂಗೆ ಕಳ್ಳಿಯಾದೆ?"

"ನೀನು ಏನೋ ಮಾಡಿ ಹೋಗಿದೀಯ. ನುಸಿ ಹತ್ತಿದಂಗೆ ಆಮೇಲೆ ಒಂದೊಂದೇ ತಿಂದ್ಕಂಡು ಹೋಗೈತೆ."

ಮಗ ಅರುಣ್ ಕುಮಾರ್ ಬಾಗಿಲಿಗೆ ಒರಗಿ ನಕ್ಕ. ನಿಖತ್ ಅವನತ್ತ ತಿರುಗಿದಳು.

"ನೀವು?"

"ಕ್ರಿಕೆಟ್ ನೋಡಾಕೆ ಬಿಟ್ರೆ ನಾನು ಅದರ ತಂಟೆಗೇ ಹೋಗಲ್ಲ ಕಣ್ರೀ."

"ಬೋರಮ್ಮಕ್ಕ?"

ಹುಚ್ಚಣ್ಣನ ಹೆಂಡತಿ ಬೋರಮ್ಮ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. "ನಿನ್ನೆ ನಾನು ಕ್ಲೀನ್ ಮಾಡ್ದೆ. ಸೋಮವಾರ ನೀನು ಕಲಿಸಿದ್ದು ಮರೆತು ಹೋಗಬಾರದು ಅಂತ. ನೀನು ಬರಕೊಟ್ಟಂಗೇ ಮಾಡಿದೀನಿ ಕಣಮ್ಮ."

"ಸಿಕ್ಕಿದ್ಲು ನೋಡು," ಅಂದರು ಹುಚ್ಚಣ್ಣ.

ಚೀಟಿ ನಿಖತ್‌ಳ ಕೈಬರಹದ್ದೇ. ತೆರೆದಿರುವುದನ್ನೆಲ್ಲ ಮುಚ್ಚಿ. ಟೆಂಪ್ ಫೋಲ್ಡರಿನಲ್ಲಿ ವಾರಕ್ಕಿಂತ ಹಳೇ ತಾರೀಖಿನವನ್ನು ಮಾತ್ರ ಅಳಿಸಿ. ಅಳಿಸಲು ಬಿಡದ ಫೈಲಿನ ಗೊಡವೆ ಬೇಡ. ರೀಸ್ಟಾರ್ಟ್ ಮಾಡಿ. ಒಂದು ವಾರ ಎಲ್ಲ ಸರಿಯಿದ್ದರೆ ಮಾತ್ರ ಕಸದ ಬುಟ್ಟಿ ಖಾಲಿ ಮಾಡಿ.

"ಬುಟ್ಟಿ ಖಾಲಿ ಮಾಡಿದ್ರಾ?"

"ವಾರ ಎಲ್ಲಾಯ್ತು? ಇಲ್ಲ."

ನಿಖತ್ ಪರದೆಯನ್ನು ತನ್ನತ್ತ ತಿರುಗಿಸಿಕೊಂಡು, ಅಳಿಸಿದ್ದೆಲ್ಲ ಮೊದಲು ಹೋಗಿ ಬೀಳುವ ಆ ಬುಟ್ಟಿ ತೆರೆದಳು. ಮೆಹಬೂಬ್ ಬೀ ಅವಳ ಮುಖವನ್ನೇ ನೋಡುತ್ತಿದ್ದರು. ಮಗಳು ಅವಸರ ಮಾಡಲಿಲ್ಲ. ಪಟ್ಟಿಯ ಮೇಲೆ ಬೆರಳಾಡಿಸುತ್ತ ಓದಿ, ಒಂದು ಕಡೆ ತಡೆದಳು.

"ಅಣ್ಣ, ಮಂಗಳವಾರ ಫೋಟೊ ನೋಡಿದ ಮೇಲೆ ಎಲ್ಲಿಟ್ರಿ?"

"ಭದ್ರವಾದ ಜಾಗದಲ್ಲೇ ಇಟ್ಟೆ. ಸೋಮವಾರ ನೀನು ಗುಡಿಸಿದ್ಯಲ್ಲ, ಅಲ್ಲಿ. ಕೊಬ್ಬರಿ ಇಳಿಸಿ ಅಟ್ಟ ಗುಡಿಸಿದ ಮೇಲೆ ಹೊಸ ಕಾಯಿ ತುಂಬಲ್ವಾ? ಒಣಗಿ ಕೊಬ್ಬರಿ ಆಗೋವರೆಗೆ, ಹನ್ನೊಂದು ತಿಂಗಳು, ಯಾರೂ ಕೈ ಹಾಕಲ್ಲ."

ಅರುಣ್ ಕುಮಾರ್ ಹಣೆ ಚಚ್ಚಿಕೊಂಡ.

"ಅದು ಅಟ್ಟ ಅಲ್ಲ ಅಣ್ಣ," ಅಂದಳು ನಿಖತ್. "ನಮ್ಮ ಅಮ್ಮಿ ಹೊಲಿಯೋ ಕೋಣೆಯ ನೆಲ ಇದ್ದಂಗೆ. ಕಂಪ್ಯೂಟರ್ ಕೆಲಸ ಮಾಡುವಾಗ ಉದುರೋ ಚೂರುಪಾರು ಬೀಳೋದು ಅಲ್ಲಿ. ಅಟ್ಟದಲ್ಲಿ ಹಳೇ ಕಾಯಿಗೆ ಬೆಲೆ. ಇಲ್ಲಿ ಹಳೇದನ್ನೇ ಮೊದಲು ಗುಡಿಸೋದು."

"ನಾನು ಇಟ್ಟು ಮೂರು ದಿನ ಆಗಿಲ್ಲ. ವಾರ ಹಳೇದು ಹೆಂಗಾಯ್ತು?"

"ಅದನ್ನೇ ಯಾರೂ ನೋಡಲಿಲ್ಲ. ಫೋಟೊ ಜಾಗ ಬದಲಾಯಿಸಿದ್ರೂ ಅದರ ತಾರೀಖು ಬದಲಾಗಲ್ಲ. ನೀವು ತೆಗೆದ ದಿನದ್ದೇ ಇರುತ್ತೆ. ಅಕ್ಕ ಹಳೇ ತಾರೀಖು ಕಂಡ್ರು, ಚೀಟಿಯಂತೆ ಅಳಿಸಿದ್ರು. ನೋಡಿ — ಅಳಿಸಿದ ದಿನ, ಗುರುವಾರ. ಮೊದಲಿದ್ದ ಜಾಗ, ಟೆಂಪ್. ಕಳೆದೋರು ನೀವು ಅಣ್ಣ. ಬುಟ್ಟಿ ಖಾಲಿ ಮಾಡದೆ ಉಳಿಸಿದೋರು ಬೋರಮ್ಮಕ್ಕ."

ಪರದೆ ತಿರುಗಿತು. ಸಾಲುಸಾಲಾಗಿ ತೆಂಗಿನಮರಗಳು.

"ಅಕ್ಕ, ನೀವೇ ವಾಪಸ್ ತನ್ನಿ."

ಬೋರಮ್ಮ ಕೈ ಒರೆಸಿಕೊಂಡು ಕುಳಿತರು. ನಿಖತ್ ಹೇಳಿದ ಕಡೆ ಒತ್ತಿ, ಮರಗಳನ್ನು ಫೋಟೊಗಳ ಫೋಲ್ಡರಿಗೆ ಸಾಗಿಸಿ, ಪೆನ್‌ಡ್ರೈವಿಗೂ ಒಂದು ನಕಲು ಹಾಕಿದರು. ಅಷ್ಟರಲ್ಲಿ ನಿಖತ್ ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿದಳು: ಫೋಟೊ, ಪತ್ರ ಕಂಡರೆ ತಾರೀಖು ಎಷ್ಟೇ ಹಳೆಯದಿರಲಿ, ಮನೆಯವರನ್ನು ಕೇಳದೆ ಅಳಿಸಬೇಡಿ.

"ಇದು ನಾನು ಮೊದಲೇ ಬರೀಬೇಕಿತ್ತು," ಅಂದಳು. ತಪ್ಪನ್ನು ಹಾಗೆ ನೇರ ಒಪ್ಪಿಕೊಂಡ ಮಗಳನ್ನು ಕಂಡು ಮೆಹಬೂಬ್ ಬೀಗೆ ಎದೆ ತುಂಬಿತು. ಆದರೂ ಹುಚ್ಚಣ್ಣನಿಗೆ ಹೇಳುವುದನ್ನು ಬಿಡಲಿಲ್ಲ. "ಬೆಳಗ್ಗೆ ಹತ್ತು ಜನರ ಮುಂದೆ ಅಂದ್ರಿ. ಮನೆಯೊಳಗೆ ಸರಿಹೋದ್ರೆ ಸಾಕಾ?"

ಹುಚ್ಚಣ್ಣ ಟವಲ್ ಹೆಗಲಿಗೆ ಹಾಕಿ ಅವರ ಜೊತೆಗೇ ಹೊರಟರು. ಟೀ ಅಂಗಡಿಯಲ್ಲಿ ಬೆಳಗಿನವರೇ ಅರ್ಧ ಜನ ಇದ್ದರು.

"ಬೆಳಗ್ಗೆ ನಾನಾಡಿದ್ದು ತಪ್ಪು ಕಣ್ರಪ್ಪ. ಫೋಟೊ ಕಳಕೊಂಡೋನು ನಾನೇ. ಹುಡುಕಿಕೊಟ್ಟಿದ್ದು ಈ ಹುಡುಗಿ."

ಬೆಂಚಿನ ಮೇಲಿದ್ದ ಮಲ್ಲಿಕಾರ್ಜುನಯ್ಯ ಲೋಟ ಕೆಳಗಿಟ್ಟರು. "ನಮ್ಮನೇಲೂ ಒಂದು ಕಂಪ್ಯೂಟರ್ ಐತೆ. ಶುರುವಾಗೋದ್ರೊಳಗೆ ಎರಡು ಹಸು ಹಾಲು ಕರೆದು ಬರಬೋದು. ಯಾವಾಗ ಬತ್ತೀಯಮ್ಮ?"

ನಿಖತ್ ಬಾಯಿ ತೆರೆಯುವ ಮೊದಲೇ ಮೆಹಬೂಬ್ ಬೀ ಅಂದರು, "ಸೋಮವಾರ ಬತ್ತಾಳೆ. ಫೋಟೊ, ಪತ್ರ, ಬೇಕಾದ್ದೆಲ್ಲ ಮೊದಲೇ ಒಂದು ಕಡೆ ಕೂಡಿಟ್ಟಿರಿ."

"ನೀವು ಯಾರು?"

"ಇವಳನ್ನ ಹೆತ್ತೋಳು."