ಇಪ್ಪತ್ತನಾಲ್ಕನೆಯ ಅರ್ಬಿ

ಆಗಸ್ಟ್ ಹದಿನೇಳು, ಭಾನುವಾರ, ಬೆಳಿಗ್ಗೆ ಎಂಟೂ ಹತ್ತು. ಮಲ್ಪೆಯಿಂದ ಮೀನು ತಂದು ಮಾರುವ ಸುಕೇಶ್ ಕಾಪು ಠಾಣೆಗೆ ಬಂದು ದೂರು ಕೊಟ್ಟ. ಅಂಗಳದಲ್ಲಿದ್ದ ಓಮ್ನಿ ವ್ಯಾನು ಕಾಣೆಯಾಗಿತ್ತು. ಮರುದಿನ ಅದು ಗುಜರಿಗೆ ಹೋಗಬೇಕಿತ್ತು.

"ಅದನ್ನೂ ಕದಿಯುವವರು ಉಂಟಲ್ಲ ಮಾರಾಯ್ರೆ" ಎಂದ.

ಎಫ್‌ಐಆರ್ ದಾಖಲಿಸಿದ ಎಸ್‌ಐ ಚೈತಾಲಿ, ಹೆಡ್ ಕಾನ್‌ಸ್ಟೆಬಲ್ ಶೇಖರನೊಂದಿಗೆ ಸ್ಥಳ ನೋಡಿದರು. ಗಾಜಿನ ಚೂರಿಲ್ಲ, ಎಳೆದೊಯ್ದ ಗುರುತಿಲ್ಲ. ಕೀಲಿ ಹಾಕಿಯೇ ಒಯ್ದದ್ದು ಎಂದ ಶೇಖರ. ಎರಡನೆಯ ಕೀಲಿ ಹಿಂದಿನ ಯಜಮಾನ, ಕಲ್ಯಾಣಪುರದ ಪೀಟರ್ ಬಳಿಯೇ ಉಳಿದಿತ್ತು. ನಿವೃತ್ತ ಬಸ್ ಡ್ರೈವರ್. ಹೋದ ವಾರ ಬಂದು ವ್ಯಾನನ್ನು ಒಂದು ದಿನಕ್ಕೆ ಕೇಳಿದ್ದರಂತೆ, ಅರ್ಬಿ ನೋಡಲಿಕ್ಕೆ. ಸುಕೇಶ್ ನಕ್ಕು ಕಳಿಸಿದ್ದ.

ಅರ್ಬಿ ಎಂದರೆ ತುಳುವಿನಲ್ಲಿ ಜಲಪಾತ. ಆ ಮಾತು ಕಿವಿಗೆ ಬಿದ್ದದ್ದೇ ಶೇಖರನಿಗೆ ಅಮ್ಮ ಕಟ್ಟಿಕೊಡುತ್ತಿದ್ದ ಪತ್ರೊಡೆ, ಮಾವನ ಜೀಪು, ಪಾಚಿ ಬಂಡೆಯ ಮೇಲೆ ಜಾರಿ ಬಿದ್ದು ನಕ್ಕ ಮಳೆಗಾಲದ ಭಾನುವಾರಗಳು ನೆನಪಾದವು. ಆ ಭಾನುವಾರಗಳು ಅವನಿಗೆ ಮತ್ತೆ ಬೇಕೆನಿಸಿದವು.

ಪೀಟರ್ ಮನೆಗೆ ಬೀಗ. ಹೆಂಡತಿ ಲೊರ್ನಾ ಜನವರಿಯಲ್ಲಿ ತೀರಿಕೊಂಡರೆಂದು ನೆರೆಮನೆಯ ಬರ್ತಾಬಾಯಿ ಹೇಳಿದರು. ಪ್ರತಿವರ್ಷ ಮದುವೆಯ ದಿನ ಗಂಡ ಹೆಂಡತಿ ಆ ವ್ಯಾನಿನಲ್ಲಿ, ಅದುವರೆಗೆ ನೋಡದ ಒಂದು ಅರ್ಬಿಯನ್ನು ಹುಡುಕಿ ಹೊರಡುತ್ತಿದ್ದರು. ಕಳೆದ ವರ್ಷ ಬಜಗೋಳಿಯಾಚೆ ಸುತ್ತಿ ಬರಿಗೈಯಲ್ಲಿ ಮರಳಿದ್ದರು. ಇವತ್ತು ಮತ್ತೆ ಅದೇ ದಿನ.

ನಮ್ಮ ಕಡೆ ದಾರಿ ಕೇಳಿದವನಿಗೆ ಯಾವ ಊರು, ಯಾರ ಮನೆ ಎಂದು ವಿಚಾರಿಸದೆ ಯಾರೂ ದಾರಿ ಹೇಳುವುದಿಲ್ಲ. ಪೀಟರ್ ಸಿಕ್ಕಿಬಿದ್ದದ್ದೂ ಅದರಿಂದಲೇ. ಪೊಲೀಸರು ಬಜಗೋಳಿಗೆ ಹೋಗಿ ವಿಚಾರಿಸಿದರೆ, ಅಲ್ಲಿಯ ಹೋಟೆಲಿನಲ್ಲೂ ಮುಂದಿನ ಎರಡು ಅಂಗಡಿಗಳಲ್ಲೂ "ಕಲ್ಯಾಣಪುರದ ಪೀಟರ್, ಲೊರ್ನಾಳ ಗಂಡ" ಎಂದು ಸಾವಕಾಶವಾಗಿ ಹೇಳಿಯೇ ಮುಂದೆ ಹೋಗಿದ್ದರು. ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಅಂಗಡಿ ಅಂಗಡಿಗೆ ವಿಳಾಸ ಕೊಟ್ಟು ಹೋದ ಕಳ್ಳನನ್ನು ಶೇಖರ ಕಂಡಿರಲಿಲ್ಲ.

ಎರಡೂ ಐವತ್ತಕ್ಕೆ ಮಣ್ಣುದಾರಿಯ ಕೊನೆಯಲ್ಲಿ ವ್ಯಾನು ಸಿಕ್ಕಿತು. ಎದುರಿಗೆ ನೀರು ಧುಮುಕುತ್ತಿತ್ತು. ಪೀಟರ್ ಡ್ರೈವರ್ ಸೀಟಿನಲ್ಲೇ ಕೂತಿದ್ದರು.

"ಕೇಳಿ ತಂದದ್ದಾ, ಕದ್ದದ್ದಾ?" ಚೈತಾಲಿ ಕೇಳಿದರು.

"ಕದ್ದದ್ದು. ಕೇಳಿದೆ, ಕೊಡ್ಲಿಲ್ಲ."

ಬಿಸಿಲಿಗೆ ಅಡ್ಡ ಹಿಡಿಯುವ ತಲೆಮೇಲಿನ ಹಲಗೆಯನ್ನು ಅವರು ಕೆಳಗೆ ಮಡಚಿದರು. ಅದರ ಹಿಂಬದಿಯಲ್ಲಿ ಲೊರ್ನಾಳ ಅಕ್ಷರದಲ್ಲಿ ಇಪ್ಪತ್ತಮೂರು ಅರ್ಬಿಗಳ ಹೆಸರಿತ್ತು.

"ಮಾರುವಾಗ ಇದು ನೆನಪಿಗೇ ಬರ್ಲಿಲ್ಲ. ನಾಳೆ ವ್ಯಾನು ಒಡೆಯುತ್ತಾರಂತೆ."

"ಹಲಗೆ ಒಂದನ್ನೇ ಕೇಳಬಹುದಿತ್ತಲ್ಲ?"

"ಹೋದ ವರ್ಷ ಸಿಗದ್ದು ಒಂದು ಬಾಕಿ ಉಂಟು, ಅಮ್ಮ."

ಪೀಟರ್ ಕೈಯಲ್ಲಿದ್ದ ಪೆನ್ನು ಒದ್ದೆಯಾಗಿ ಮೂಡುತ್ತಿರಲಿಲ್ಲ. ಶೇಖರ ತನ್ನ ಜೇಬಿನದನ್ನು ತೆಗೆದ.

"ಮೇಡಂ, ಪಂಚನಾಮೆ ಇನ್ನೂ ಶುರುವಾಗ್ಲಿಲ್ಲ ಅಲ್ವಾ?"

ಚೈತಾಲಿ ನೀರಿನ ಕಡೆ ತಿರುಗಿದರು. ಪೀಟರ್ ನಿಧಾನವಾಗಿ ಬರೆದರು.

ಮೂರೂ ಹತ್ತಕ್ಕೆ ಪಂಚನಾಮೆ ಆರಂಭವಾಯಿತು. ಹಲಗೆಯಲ್ಲಿ ಇಪ್ಪತ್ತನಾಲ್ಕು ಹೆಸರುಗಳಿವೆ, ಕೊನೆಯದು ಬೇರೆ ಕೈಬರಹ ಎಂದು ಶೇಖರನೇ ದಾಖಲಿಸಿದ. ಬಳಿಕ ಪೀಟರ್ ಅವರನ್ನು ದಸ್ತಗಿರಿ ಮಾಡಲಾಯಿತು.

ಜೀಪು ಹತ್ತುವಾಗ ಅವರು ಕೇಳಿದ್ದು ಒಂದೇ: ವ್ಯಾನು ನಾಳೆ ಗುಜರಿಗಾ?

"ಇಲ್ಲ ಪೊರ್ಬುಗಳೇ, ಇನ್ನು ಅದು ಮುದ್ದೆಮಾಲು, ಕೇಸಿನ ಸೊತ್ತು. ಕೋರ್ಟು ಹೇಳುವವರೆಗೆ ಯಾರೂ ಮುಟ್ಟುವ ಹಾಗಿಲ್ಲ" ಎಂದ ಶೇಖರ, ಕ್ರೈಸ್ತ ಹಿರಿಯರನ್ನು ಕರೆಯುವ ಊರಿನ ರೂಢಿಯಲ್ಲಿ.

ಪೀಟರ್ ಕಣ್ಣೊರೆಸಿಕೊಂಡು ಜೀಪಿನಲ್ಲಿ ಕೂತರು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು.