ಹಳದಿ ಪಟ್ಟಿ ತುಂಬುವ ತನಕ

"ಗುಜರಿಗೆ ಹಾಕ್ರಿ ಅಂದ್ರು ಗದಗಿನ್ಯಾಗ," ಎನ್ನುತ್ತ ಅಲ್ತಾಫ ಆ ಹಳೆಯ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಇಟ್ಟ ದಿನವೇ ಜಬೀನ ಹಟ ಹಿಡಿದಿದ್ದಳು.

"ಗುಜರಿಗೆ ಹಾಕೂದು ಯಾರಿಗಾದ್ರೂ ಬರ್ತೈತ್ರಿ. ಇಟ್ಟು ಹೋಗ್ರಿ."

ಹೇಳಿದ್ದೇನೋ ಧೈರ್ಯದಿಂದ. ಆಮೇಲೆ ಅಂಗಡಿಯ ಹಿಂದೆ ಹೋಗಿ ತಂಬಿಗೆ ತುಂಬ ನೀರು ಕುಡಿದಳು. ಹಗಲು ಬಟ್ಟೆ ಹೊಲಿದು, ರೋಣದ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವಳು ಅವಳು. ಒಂದೊಂದು ಸ್ಕ್ರೂ ಬಿಚ್ಚುವಾಗಲೂ, ಮತ್ತೆ ಕೂಡಿಸಲು ಬರುತ್ತದೋ ಇಲ್ಲವೋ ಎಂದು ಅದರ ಜಾಗವನ್ನು ಚೀಟಿಯಲ್ಲಿ ಬರೆದಿಡುತ್ತಿದ್ದಳು.

ಅಲ್ತಾಫ ಗಜೇಂದ್ರಗಡದ ನೇಕಾರರ ಮನೆಯವನು. ಸೀರೆಯ ದಡಿಗೆ ಹೂಬಳ್ಳಿಗಳ ನಕ್ಷೆ ಬರೆದುಕೊಡುವುದು ಅವನ ಕೆಲಸ. ಬಳ್ಳಿಗಳೆಲ್ಲ ಆ ಯಂತ್ರದೊಳಗಿದ್ದವು, ಯಂತ್ರದ ವಿಂಡೋಸ್ ಮಾತ್ರ ಕೆಟ್ಟು ಕೂತಿತ್ತು. ಹೊಸದಾಗಿ ಹಾಕೋಣವೆಂದರೆ ಸಿಡಿ ಓಡದು, ಪೆನ್‌ಡ್ರೈವಿನ ಗುರುತೇ ಆ ಮುದಿ ಯಂತ್ರಕ್ಕಿಲ್ಲ. ನೆಟ್ಟಗಿದ್ದದ್ದು ಹಳೆಯ ಕಾಲದ ಫ್ಲಾಪಿ ಡ್ರೈವ್ ಒಂದೇ.

ಜಬೀನ ಹಾರ್ಡ್‌ಡಿಸ್ಕನ್ನೇ ಹೊರತೆಗೆದು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದಳು. ಮೊದಲು ಬಳ್ಳಿಗಳನ್ನು ಜೋಪಾನ ಮಾಡಿದಳು. ಬಳಿಕ ವಿಂಡೋಸ್ ಸಿಡಿಯಲ್ಲಿದ್ದದ್ದನ್ನೆಲ್ಲ ಡಿಸ್ಕಿನ ಒಂದು ಮೂಲೆಗೆ ತುಂಬಿ ಮತ್ತೆ ಅದರ ಗೂಡಿಗೆ ಸೇರಿಸಿದಳು. ಇನ್ನು ಫ್ಲಾಪಿಯಿಂದ ಎಬ್ಬಿಸಿದರೆ, ಯಂತ್ರ ತನ್ನ ಹೊಟ್ಟೆಯೊಳಗಿನ ಬುತ್ತಿಯನ್ನೇ ಉಂಡು ಎದ್ದು ನಿಲ್ಲಬೇಕು.

ಈ ನಡುವೆ ಅಲ್ತಾಫ ಹಲವು ಸಲ ಬಂದುಹೋಗಿದ್ದ. "ಹ್ಯಾಂಗೈತ್ರಿ ಈಗ?" ಎಂದು ಕೇಳುತ್ತಿದ್ದ. ಲ್ಯಾಪ್‌ಟಾಪಿನ ಕಡೆ ನೋಡುತ್ತಲೇ ಇರಲಿಲ್ಲ.

ಇವತ್ತು ರೋಣದಲ್ಲಿ ಅವಳ ಕೊನೆಯ ದಿನ. ಮಾಲಕ ಗೌಸುಸಾಬ ನರಗುಂದದಲ್ಲಿ ತೆರೆದ ಹೊಸ ಅಂಗಡಿಯನ್ನು ಸೋಮವಾರದಿಂದ ಅವಳೇ ನಡೆಸಬೇಕು. ಈ ಯಂತ್ರ ಎದ್ದರೆ ಅಲ್ತಾಫನಿಗೆ ಬರಲು ನೆಪವಿರದು. ಏಳದಿದ್ದರೆ ಅವಳ ಮಾತು ಉಳಿಯದು. ಎರಡೂ ಅವಳಿಗೆ ಬೇಡವಾಗಿದ್ದವು.

ಬೆಳಿಗ್ಗೆಯೇ ಬಂದ ಅಲ್ತಾಫ ಅವಳ ಹಿಂದೆ ನಿಂತಿದ್ದ. ಫ್ಲಾಪಿ ಗರಗರ ತಿರುಗಿತು. ಅವಳು ಕಮಾಂಡ್ ಟೈಪ್ ಮಾಡಿದಳು. ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬಂತು: ಸ್ಮಾರ್ಟ್‌ಡ್ರೈವ್ ಸಿಗಲಿಲ್ಲ, ಅದಿದ್ದರೆ ಕೆಲಸ ಬಹಳ ಬೇಗ ಆಗುತ್ತದೆ, ಹಾಗೆಯೇ ಮುಂದುವರಿಯಲು ಎಂಟರ್ ಒತ್ತಿ.

ಮೊದಲು ಚಾಲೂ ಮಾಡಬೇಕಾದ ಆ ಚಿಕ್ಕ ಪ್ರೋಗ್ರಾಂ ಅವಳಿಗೆ ಮರೆತೇಹೋಗಿತ್ತು. ಅದು ಅದೇ ಫ್ಲಾಪಿಯಲ್ಲಿತ್ತು. ಹಿಂದೆ ಹೋಗಿ ಒಂದು ಪದ ಟೈಪ್ ಮಾಡಿದರೆ ಕೆಲಸ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಇಲ್ಲವಾದರೆ ಇಡೀ ದಿನ. ಬೆರಳು ಹಿಂದೆ ಹೋಗುವ ಗುಂಡಿಯ ಮೇಲಿತ್ತು. ಆಗಲೇ ಅಲ್ತಾಫ ಸ್ಟೂಲನ್ನು ಸದ್ದಾಗದಂತೆ ಅವಳ ಪಕ್ಕಕ್ಕೆ ಎಳೆದುಕೊಂಡ.

ಜಬೀನ ಎಂಟರ್ ಒತ್ತಿದಳು.

ಕೆಲಸ ಎಷ್ಟಾಯಿತೆಂದು ತೋರಿಸುವ ಹಳದಿ ಪಟ್ಟಿ ಕೂದಲೆಳೆಯಷ್ಟು ಮುಂದೆ ಸರಿದು ನಿಂತಿತು.

"ಏನವಾ, ಹೊಳೆಆಲೂರು ಪ್ಯಾಸೆಂಜರ್ ಆತಲ್ಲ ಇದು," ಎಂದ ಗೌಸುಸಾಬ. "ಗಿಡಗಿಡಕ್ಕ ನಿಂತ್ ಹೊಂಟೈತಿ."

"ಮಗ್ಗಾನೂ ಹಿಂಗರೀ ಕಾಕಾ," ಎಂದ ಅಲ್ತಾಫ. "ಒಂದೊಂದ ಎಳಿ. ಅವಸರ ಮಾಡಿದ್ರ ದಡಿ ಕೆಡ್ತೈತಿ."

ಗೌಸುಸಾಬ ಅವನನ್ನೊಮ್ಮೆ ನೋಡಿ, ಇವಳನ್ನೊಮ್ಮೆ ನೋಡಿ, ನಮಾಜಿಗೆಂದು ಎದ್ದು ಹೋದ.

ಮಧ್ಯಾಹ್ನ ಅಲ್ತಾಫ ಗಿರಮಿಟ್ಟು, ಮಿರ್ಚಿ ತಂದ. ಖಾರ ಕಡಿಮೆ ಇರುವ ಮಿರ್ಚಿ ಹುಡುಕಿ ಅವಳ ಕಡೆ ಸರಿಸಿದ.

"ನಂಗ ಖಾರ ಆಗಂಗಿಲ್ಲಂತ ಯಾರ್ ಹೇಳಿದ್ರು?"

"ಹೋದ ವಾರ ಕಣ್ಣೊರಿಸ್ಕೊಂಡ್ ತಿಂದ್ರಲ್ರಿ."

"ಯಂತ್ರ ನೋಡಾಕ ಬಂದಿದ್ರೋ, ನನ್ನ ಕಣ್ಣ ನೋಡಾಕೋ?"

ಅವನು ಗಿರಮಿಟ್ಟಿನ ಪೊಟ್ಟಣದ ಮೇಲೆ ತಲೆ ಬಗ್ಗಿಸಿದ. ಕಿವಿ ಮಾತ್ರ ಖಾರ ತಿಂದವನಂತೆ ಕೆಂಪಾಯಿತು.

ಪಟ್ಟಿ ತುಂಬಲು ಬೆರಳಗಲ ಉಳಿದಿತ್ತು. ಆಗ ಕರೆಂಟು ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪರದೆ ಕಪ್ಪಾಯಿತು. ದಿನದ ಕೆಲಸವೆಲ್ಲ ನೀರುಪಾಲು.

ಜಬೀನ ಕೈಗಳನ್ನು ದುಪಟ್ಟಾದಲ್ಲಿ ಬಿಗಿದುಕೊಂಡಳು. ಬಾಗಿಲಿಂದ ಸಂಜೆಯ ಬಿಸಿಲು ಓರೆಯಾಗಿ ಬಂದು ಅವನ ಮೊಣಕಾಲ ಮೇಲೆ ಬಿದ್ದಿತ್ತು. ಈಗ ಸುಮ್ಮನಿದ್ದರೆ ಇವನು ಕರೆಂಟಿಗೇ ಬೈದುಕೊಂಡು ಹೋಗುತ್ತಾನೆ. ಆ ಸುಳ್ಳನ್ನು ನರಗುಂದಕ್ಕೆ ಹೊತ್ತೊಯ್ಯಲು ಅವಳಿಗೆ ಮನಸ್ಸಾಗಲಿಲ್ಲ.

"ತಪ್ಪ ಕರೆಂಟಿಂದಲ್ರಿ, ನಂದು. ಬೆಳಿಗ್ಗೇನ ಲಗೂ ಮುಗಿಸಬಹುದಿತ್ತು. ಮೊದಲ ಮರ್ತೆ. ಆಮ್ಯಾಲೆ ನೆನಪಾದ್ರೂ... ಬೇಕಂತನ ಎಂಟರ್ ಒತ್ತಿದೆ."

ಅಲ್ತಾಫ ಕಪ್ಪು ಪರದೆಯತ್ತ ಬೆರಳು ತೋರಿಸಿದ.

"ಗೊತ್ತೈತ್ರಿ. ನಂಗೂ ಇಂಗ್ಲಿಷ್ ಓದಾಕ ಬರ್ತೈತಿ."

ಅವಳು ತಲೆ ಎತ್ತಿದಳು. "ಓದಿಯೂ ಸುಮ್ಮನ ಕುಂತ್ರ್ಯಾ?"

"ನೀವು ಎಂಟರ್ ಒತ್ತೀರೋ ಇಲ್ಲೋ ಅಂತ ಉಸರ ಬಿಗಿಹಿಡ್ಕೊಂಡ್ ಕುಂತಿದ್ದೆ. ಒತ್ತಿದ ಮ್ಯಾಲ ಕೇಳಬೇಕಂತ ಮಾಡಿದ್ದೆ. ಧೈರ್ಯ ಬರಾಕ ಇಷ್ಟೊತ್ತಾತು." ಅವನು ಅವಳ ಕಡೆ ತಿರುಗಿದ. "ನಮ್ಮ ಅಬ್ಬಾನ ಮಾತಾಡಾಕ ನಿಮ್ಮ ಮನಿಗೆ ಕಳಿಸ್ಲೇನ್ರಿ?"

ರಸ್ತೆಯಲ್ಲಿ ಬೆಳವಣಕಿ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಜಬೀನ ಅದು ತಿರುವು ದಾಟುವ ತನಕ ಕಾದಳು.

"ನರಗುಂದದ ಅಂಗಡಿ ನಾ ಬಿಡೂದಿಲ್ರಿ."

"ಬಿಡ್ರಿ ಅಂದವ್ರ್ಯಾರು? ನಕ್ಷಿ ಬರಿಯಾಕ ನಂಗ ಒಂದು ಮೂಲಿ ಇದ್ರ ಸಾಕು. ನರಗುಂದದಾಗ ಮೂಲಿ ಇಲ್ಲೇನು?"

ಟ್ಯೂಬ್‌ಲೈಟ್ ಪಟಪಟ ಮಿಣುಕಿ ಹತ್ತಿತು. ಜಬೀನ ನಗುವನ್ನು ತಡೆಹಿಡಿದು ಫ್ಲಾಪಿಯನ್ನು ಒಳಗೆ ತಳ್ಳಿದಳು. ಈ ಸಲ ಮೊದಲು ಸ್ಮಾರ್ಟ್‌ಡ್ರೈವ್ ಎಂದೇ ಟೈಪ್ ಮಾಡಿದಳು, ಒಂದೊಂದು ಅಕ್ಷರವನ್ನೂ ನೋಡಿ ನೋಡಿ. ಹಳದಿ ಪಟ್ಟಿ ಸರಸರ ಓಡತೊಡಗಿತು.

"ಈಗ್ಯಾಕ್ರಿ ಇಷ್ಟು ಅವಸರ?" ಅಲ್ತಾಫ ಕೇಳಿದ.

"ನಿಮ್ಮ ಅಬ್ಬಾ ಮಲಗೂದ್ರೊಳಗ ನೀವು ಗಜೇಂದ್ರಗಡ ಮುಟ್ಟಬೇಕಲ್ರಿ," ಎಂದಳು ಜಬೀನ, ಪರದೆಯಿಂದ ಕಣ್ಣು ತೆಗೆಯದೆ.