ಅವಳ ಹಾಡನ್ನು ಅವನು ಹಾಡಿದ ಸಂಜೆ

ಮೆಟ್ಟಿಲ ಮೇಲೇ ಅವಳ ಕಾಲು ನಿಂತುಹೋಯಿತು.

ಒಳಗೆ ಅವನು ಹಾಡುತ್ತಿದ್ದ... ಅವಳ ಹಾಡನ್ನು!

ಸೈಕಲ್ ಅಂಗಡಿಯ ಮಹಡಿಯಲ್ಲಿ ಸೇರುವ ಆ ಜನಪದ ಹಾಡಿನ ಕೂಟಕ್ಕೆ ಇದ್ದದ್ದು ಒಂದೇ ಕಟ್ಟುಪಾಡು. ಯಾವ ಹಾಡನ್ನು ಯಾರು ತಂದರೋ ಅದು ಅವರದ್ದು. ಅವರು ಇನ್ನು ಬರುವುದೇ ಇಲ್ಲ ಎಂದಾದರೆ ಮಾತ್ರ ಬೇರೆಯವರು ಹಾಡಬಹುದು. ಒಮ್ಮೆ ಪೂರ್ತಿ ಹಾಡಿದರೆ, ಹೋದವರು ಹೋದಂತೆಯೇ.

'ಅಂದ್ರೆ... ನನ್ನನ್ನ ಬಿಟ್ಟೇಬಿಟ್ಟನಾ?'

ಅಪ್ಪನ ಆಪರೇಷನ್ ಎಂದು ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಯಲ್ಲೇ ಉಳಿದಿದ್ದಳು. ಆಗಲೇ ಅಣ್ಣ ಗಂಡು ಹುಡುಕಿದ. ಅವಳು ಸುತರಾಂ ಒಪ್ಪಲಿಲ್ಲ. ಆದರೆ ಆ ಮಹಾರಾಯ ಇವನಿಗೆ ಫೋನ್ ಮಾಡಿ, "ತಂಗಿ ಒಪ್ಪಿದ್ದಾಳೆ, ಅವಳ ತಂಟೆಗೆ ಬರಬೇಡ" ಎಂದುಬಿಟ್ಟಿದ್ದ! ಅಲ್ಲಿಂದಾಚೆಗೆ ಇವನು ಅವಳ ಫೋನೇ ಎತ್ತಲಿಲ್ಲ. ಇವತ್ತು ಅಣ್ಣನ ಬಾಯಿಂದ ಆ ಸುಳ್ಳು ಹೊರಬಿದ್ದದ್ದೇ ತಡ, ಉಟ್ಟ ಬಟ್ಟೆಯಲ್ಲೇ ಓಡಿಬಂದಿದ್ದಳು.

ಬಾಗಿಲಿಂದ ಇಣುಕಿದಳು. ಅವಳ ಬಡಗಿ ಹುಡುಗ ಕಣ್ಣು ಮುಚ್ಚಿ ಹಾಡುತ್ತಿದ್ದ. ಪಕ್ಕದಲ್ಲಿ ಬಟ್ಟೆಯ ಚೀಲ, ಉಳಿ ಸುತ್ತಿಗೆಗಳ ಪೆಟ್ಟಿಗೆ. ಊರು ಬಿಡಲು ಹೊರಟೇಬಿಟ್ಟಿದ್ದಾನೆ!

ಕೊನೆಯ ನುಡಿ ಶುರುವಾಯಿತು. ಅಯ್ಯೋ... ಇದು ಮುಗಿದರೆ ಎಲ್ಲ ಮುಗಿಯಿತು!

ಅತ್ತು ಅತ್ತು ಗಂಟಲು ಕಟ್ಟಿತ್ತು. ಆದರೂ ಪಲ್ಲವಿಯನ್ನು ಹಾಡಿದಳು, ಅಲ್ಲ, ಕಿರುಚಿದಳು.

"ಹೊಳೆಯ ದಾಟದಿರೋ ಗೆಳೆಯಾ, ದಡದಲ್ಲಿನ್ನೂ ನಾನಿರುವೆ..."

"ಯಾರಮ್ಮ ಅದು, ಶ್ರುತಿ ಕೆಡಿಸೋದು?" ಕೂಟದ ಹಿರಿಯ ಪೋಸ್ಟ್‌ಮ್ಯಾನ್ ಅಜ್ಜ ಸಿಡುಕಿದರು.

ಅವನು ಕಣ್ಣು ಬಿಟ್ಟ. ಹಾಡು ನಿಂತಿತು.

"ಮದುವೆ ಹುಡುಗಿಗೆ ಇಲ್ಲೇನು ಕೆಲಸ?" ಎಂದ.

"ಯಾವ ಮದುವೆಯೋ? ನಾನು ಒಪ್ಪೇ ಇಲ್ಲ! ಅಣ್ಣ ಸುಳ್ಳು ಹೇಳಿದ. ನನ್ನ ಒಂದು ಮಾತು ಕೇಳಬಾರದಿತ್ತಾ? ಫೋನೂ ಎತ್ತಲಿಲ್ಲ!"

"ಎತ್ತಿದ್ರೆ ನಿನ್ನ ಬಾಯಿಂದಲೇ ಕೇಳಬೇಕಾಗ್ತಿತ್ತು... ಅಷ್ಟು ಧೈರ್ಯ ಇರಲಿಲ್ಲ ಕಣೇ." ಅವನು ಚೀಲದತ್ತ ನೋಡಿದ. "ನೀನಂತೂ ಸಿಗಲ್ಲ, ನಿನ್ನ ಹಾಡಾದ್ರೂ ಜೊತೆಗಿರಲಿ ಅಂತ..."

ಅವಳಿಗೆ ಅಳು ಉಕ್ಕಿಬಂತು. ಎಷ್ಟು ಪ್ರೀತಿ ಇವನಿಗೆ! ಎಂಥಾ ಪೆದ್ದ ಇವನು!

ಅಜ್ಜ ಕೆಮ್ಮಿದರು. "ಹಾಡು ಅರ್ಧಕ್ಕೆ ನಿಂತಿದೆಯಪ್ಪಾ. ಯಾರು ಮುಗಿಸ್ತೀರಿ?"

ಅವಳು ಅವನ ಎದುರು ಬಂದು ನಿಂತಳು.

"ಹಾಡು ಬೇಕಾ, ನಾನು ಬೇಕಾ? ಒಂದೇ ಹೇಳು."

"ನೀನು."

"ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ. ನಾನು ಹಾಡ್ತೀನಿ."

"ಗಂಟಲು ಕಟ್ಟಿದೆಯಲ್ಲೇ..."

"ಕಟ್ಟಿರಲಿ. ನೀನು ಹೋಗಬೇಡ."